ಕಣ್ಣು ವಾಸಿಯಾದದ್ದು ಯಾರಿಂದ?

2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಎಂಬ ಅಂಟು ಕೆಂಗಣ್ಣು ಹಬ್ಬಿದಾಗ ಶಿವಮೊಗ್ಗ ಜಿಲ್ಲೆಯಲ್ಲೂ ಸಾವಿರಾರು ಜನರ ಕಣ್ಣು ಕೆಂಪಾಯಿತು. ರಾಗಿಗುಡ್ಡದಂಥ ಬಡಾವಣೆಯಲ್ಲಿ ಶಾಲೆಗೆ ಹೋಗುವ ಒಂದು ಮಗುವಿಗೆ ಬಂದರೆ ಮನೆಮಂದಿಗೆಲ್ಲ ಬಂತೆಂದೇ ಲೆಕ್ಕ. ಇಂಥ ಹೊತ್ತಿನಲ್ಲಿ ಈ ಕಡೆಯ ಮನೆಗಳು ಒಂದೇ ದಾರಿ ಹಿಡಿಯುವುದಿಲ್ಲ. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ಬರುತ್ತದೆ, ಹಿತ್ತಲಿಂದ ನಂದಿಬಟ್ಟಲು ಹೂವು ಬರುತ್ತದೆ, ಮಾರಿಯಮ್ಮನಿಗೆ ಬೆಳ್ಳಿ ಕಣ್ಣಿನ ಹರಕೆಯೂ ಆಗುತ್ತದೆ. ವಾರ, ಹದಿನೈದು ದಿನದಲ್ಲಿ ಕಣ್ಣು ತಿಳಿಯಾಗುತ್ತದೆ.

ಯಾರಿಂದ?

ವೈರಸ್ಸಿನಿಂದ ಬರುವ ಕೆಂಗಣ್ಣು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇಂಥ ಕಡೆ ಬಲು ಕಟ್ಟುನಿಟ್ಟು. ಮಡಕೆಯ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ, ಅದು ಅನ್ಯಥಾಸಿದ್ಧ, ಅದಿಲ್ಲದೆಯೂ ಮಡಕೆ ಆಗುತ್ತದೆ ಎಂದರು ಅವರು. ಮೊದಲು ಬಂದದ್ದೆಲ್ಲ ಕಾರಣವಾಗದು. ಈ ಎಚ್ಚರ ಪರದೇಶದ್ದಲ್ಲ, ನಮ್ಮ ಮನೆಯದೇ.

ಮದ್ದುಗಳ ವಿಷಯದಲ್ಲೂ ಈ ಎಚ್ಚರ ಬೇಕು. ಚೀನಾದ ವೈದ್ಯರು ಕೆಂಗಣ್ಣನ್ನು ಯಕೃತ್ತಿನ ಬಿಸಿಯೆಂದು ಕಂಡು ಸೇವಂತಿಗೆ ಹೂವಿನ ಕಷಾಯ, ಹುವಾಂಗ್‌ಲಿಯನ್ ಎಂಬ ಕಹಿ ಬೇರು, ಜುಯೆಮಿಂಗ್ ಬೀಜ ಕೊಟ್ಟರು. ಈ ಬೀಜ ಮಳೆ ಬಿದ್ದೊಡನೆ ನಮ್ಮ ಖಾಲಿ ಸೈಟುಗಳಲ್ಲಿ ಏಳುವ ತಗಚೆ ಜಾತಿಯದು. ಸುಶ್ರುತ 76 ನೇತ್ರರೋಗಗಳನ್ನು ಹೇಳಿ, ಕೆಂಗಣ್ಣಿನಂಥ ಅಭಿಷ್ಯಂದದ ಕಾರಣವನ್ನು ವಾತ, ಪಿತ್ತ, ಕಫ, ರಕ್ತಗಳಲ್ಲಿ ಹುಡುಕಿದ. ಆಯುರ್ವೇದ ಕಣ್ಣಿಗೆ ದಾರುಹರಿದ್ರೆಯನ್ನು ಬಳಸಿತು. ಹುವಾಂಗ್‌ಲಿಯನ್, ದಾರುಹರಿದ್ರೆ ಎರಡರ ಹಳದಿಯೂ ಬರ್ಬೆರಿನ್ ಎಂಬ ಒಂದೇ ವಸ್ತುವಿನದು. ಸಿದ್ಧಾಂತ ಬೇರೆ, ಕೈಗೆ ಸಿಕ್ಕ ಬೇರಿನ ಗುಣ ಒಂದು! ಹಾಗಾದರೆ ಮದ್ದು ಫಲಿಸಿದ ಮಾತ್ರಕ್ಕೆ ಅದರ ಹಿಂದಿನ ಶಾಸ್ತ್ರ ನಿಜವಾಯಿತು ಎನ್ನುವಂತಿಲ್ಲ.

ಬೌದ್ಧರ ಮೂಲಕ ಭಾರತದ ಕಣ್ಣಿನ ವೈದ್ಯಪದ್ಧತಿ ಚೀನಾಕ್ಕೆ ಹೋಯಿತು. ನಾಗಾರ್ಜುನನ ಹೆಸರಿನ ನೇತ್ರಗ್ರಂಥವೇ ಅಲ್ಲಿತ್ತು. ಕಣ್ಣು ಮಂಜಾಗಿದ್ದ ಕವಿ ಬೈ ಜುಯಿ (772–846) ಮೇಜಿನ ಮೇಲೆ ಆ ಗ್ರಂಥ, ಡಬ್ಬಿಯಲ್ಲಿ ಜುಯೆಮಿಂಗ್ ಗುಳಿಗೆ ಇಟ್ಟುಕೊಂಡೂ ಎರಡೂ ಫಲಿಸಲಿಲ್ಲವೆಂದು ಬರೆದ. ಅವನು ಬುದ್ಧನ ಭಕ್ತ. ಮದ್ದು ಸೋತಿತೆಂದು ಒಪ್ಪಿಕೊಂಡದ್ದರಿಂದ ಆ ಭಕ್ತಿಗೆ ಕುಂದು ಬರಲಿಲ್ಲ.

ಬೆಳ್ಳಿ ಕಣ್ಣಿನ ಹರಕೆಯನ್ನೂ ಹೀಗೆ ನೋಡಬಹುದು. ಅದು ಅಮ್ಮನ ಮುಂದೆ ಇಡುವ ಭಯ, ಕೃತಜ್ಞತೆ. ಔಷಧದ ಪರೀಕ್ಷೆಯಲ್ಲಿ ಅದು ಗೆಲ್ಲಬೇಕಿಲ್ಲ. ಆದರೆ ಹಸಿ ಸೊಪ್ಪು, ಹೂವಿನ ರಸವನ್ನು ಕಣ್ಣಿಗೆ ಹಿಂಡುವುದು ಬೇರೆ ಮಾತು, ಅದರಿಂದ ಕರಿಗುಡ್ಡೆಗೆ ಸೋಂಕು ತಗಲಬಹುದು. ನೋವು ಹೆಚ್ಚಿ, ಬೆಳಕು ನೋಡಲಾಗದೆ, ದೃಷ್ಟಿ ಮಂಜಾದರೆ ಅದೇ ದಿನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಹರಕೆಯನ್ನು ಬಂದ ಮೇಲೂ ತೀರಿಸಬಹುದು.