ಜಾರಿದ್ದು ಯಾವುದು?

ಸಂಜೆಯ ನೂಕುನುಗ್ಗಲಿನಲ್ಲಿ ದಾದರ್ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದವರಿಗೆ ಗೊತ್ತು: ಯಾರೋ ಯಾರದೋ ಕಾಲು ತುಳಿದರೆ ಮೊದಲು ಏಳುವುದು ಕೈಯಲ್ಲ, ಮಾತು. ‘ಮಾಝೀ ಸಟಕ್ಲಿ ನಾ...’ ಎಂದು ಒಬ್ಬ ಕಣ್ಣು ಕೆಕ್ಕರಿಸುತ್ತಾನೆ. ಇನ್ನೊಬ್ಬ ಗೊಣಗುತ್ತಾ ಮುಂದೆ ಸಾಗುತ್ತಾನೆ. ಮುಂಬೈಯಲ್ಲಿ ಒಳಗೇ ಕುದಿಯುವ ಹಗೆಗೆ ‘ಖುನ್ನಸ್’ ಎಂಬ ಮಾತಿದೆ, ತಲೆ ತಿನ್ನುವವರಿಗೆ ‘ಭೇಜಾ ಫ್ರೈ’ ಇದೆ. ಆದರೂ ಸಟಕ್ಲಿಯ ಸೊಗಸೇ ಬೇರೆ.

ಮರಾಠಿಯ ‘ಸಟಕಣೆ’ ಎಂದರೆ ಹಿಡಿತ ತಪ್ಪಿ ಜಾರುವುದು; ಸದ್ದಿಲ್ಲದೆ ಜಾಗ ಖಾಲಿ ಮಾಡುವುದಕ್ಕೂ ಅದೇ ಮಾತು. ‘ನನ್ನದು ಜಾರಿತು’ ಅನ್ನುತ್ತಾರೆಯೇ ಹೊರತು ಏನು ಜಾರಿತೆಂದು ಹೇಳುವುದಿಲ್ಲ. ಕ್ರಿಯಾಪದ ಸ್ತ್ರೀಲಿಂಗದಲ್ಲಿರುವುದರಿಂದ ‘ಖೋಪಡಿ’, ಅಂದರೆ ತಲೆಬುರುಡೆ, ಆ ಖಾಲಿ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಕನ್ನಡದಲ್ಲಿ ನಮಗೆ ಸಿಟ್ಟು ಬರುತ್ತದೆ, ಪಿತ್ತ ನೆತ್ತಿಗೇರುತ್ತದೆ. ಏನೋ ಒಂದು ಬಂದು ನಮ್ಮನ್ನು ಹಿಡಿದುಕೊಳ್ಳುತ್ತದೆ. ಸಟಕ್ಲಿಯಲ್ಲಿ ಯಾವುದೂ ಬರುವುದಿಲ್ಲ. ಓಡುವ ಗಿರಣಿಯ ಚಕ್ರದಿಂದ ಪಟ್ಟಿ ಕಳಚಿದ ಹಾಗೆ, ಇದ್ದದ್ದೇ ಜಾರುತ್ತದೆ. ಕೋಪದಲ್ಲಿ ಆಗುವುದೂ ಅದೇ ತಾನೇ?

ಬೀದಿಯ ಈ ಮಾತನ್ನು ದೇಶಕ್ಕೆಲ್ಲ ಹಂಚಿದ್ದು 2011ರ ಜುಲೈಯಲ್ಲಿ ತೆರೆಕಂಡ ಹಿಂದಿ ಚಿತ್ರ ‘ಸಿಂಘಂ’. ನಿರ್ದೇಶಕ ರೋಹಿತ್ ಶೆಟ್ಟಿ, ತುಳುನಾಡಿನಿಂದ ಬಂದು ಹಿಂದಿ ಚಿತ್ರರಂಗದಲ್ಲಿ ಹೆಸರು ಮಾಡಿದ ಸಾಹಸ ಕಲಾವಿದ ಎಂ.ಬಿ. ಶೆಟ್ಟಿಯವರ ಮಗ. ಖಳನಾಯಕ ನಮ್ಮ ಪ್ರಕಾಶ್ ರೈ. ನಾಯಕ ಅಜಯ್ ದೇವಗನ್ ಬಾಯಲ್ಲಿ ‘ಆತಾ ಮಾಝೀ ಸಟಕ್ಲಿ’, ಅಂದರೆ ‘ಈಗ ನನ್ನದು ಜಾರಿತು’, ಮನೆಮಾತಾಯಿತು. ಅದೇ ಚಿತ್ರದ ಮತ್ತೊಂದು ಸಂಭಾಷಣೆ ಕನ್ನಡಿಗರನ್ನು ಹೀಯಾಳಿಸುವಂತಿದೆ ಎಂದು ಕರ್ನಾಟಕದಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಅದನ್ನು ತೆಗೆಯಲು ಚಿತ್ರತಂಡ ಒಪ್ಪಬೇಕಾಯಿತು. ಆ ಪ್ರತಿಭಟನೆ ನ್ಯಾಯವಾದದ್ದೇ. ಗಡಿಯ ಆಚೀಚೆ ಬದುಕುವವರ ಮನಸ್ಸು ಅಷ್ಟು ಹಗುರ ಮಾತಿಗೆ ಸಿಗಬಾರದು.

ಆ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಇಡೀ ಜನವನ್ನೇ ಚುಚ್ಚುತ್ತದೆ. ಇನ್ನೊಂದರಲ್ಲಿ ಯಾರ ತಾಯಿಯೂ ಇಲ್ಲ, ಜಾತಿಯಿಲ್ಲ, ಊರಿಲ್ಲ, ಭಾಷೆಯಿಲ್ಲ. ಹೇಳುವವನು ತನ್ನ ತಲೆಯ ಸ್ಥಿತಿಯನ್ನಷ್ಟೇ ಹೇಳಿಕೊಳ್ಳುತ್ತಾನೆ, ಎದುರಿನವನು ಎಚ್ಚರಗೊಳ್ಳುತ್ತಾನೆ. ಬೈಗುಳಕ್ಕೆ ಬಡತನವಿಲ್ಲದ ಊರಿನಲ್ಲಿ ಇಂಥ ನಿರಪಾಯದ ಸಿಟ್ಟಿನ ಮಾತು ಹುಟ್ಟಿ ಉಳಿದದ್ದು ದೊಡ್ಡದು.

ಮಾಟುಂಗಾ, ಡೊಂಬಿವಲಿಯ ಕನ್ನಡ ಮನೆಗಳ ಹುಡುಗರು ‘ಅಮ್ಮಾ, ನಂದು ಸಟಕ್ತದೆ ನೋಡು’ ಎಂದರೆ ನಾನಂತೂ ತಿದ್ದಲು ಹೋಗುವುದಿಲ್ಲ. ಧಾತು ಮರಾಠಿಯದಾದರೂ ಪ್ರತ್ಯಯ ಅಚ್ಚಕನ್ನಡದ್ದೇ.