ಟೀಚರ್ ಕೊಟ್ಟದ್ದು, ಕುಡಿ

ಮಕ್ಕಳಲ್ಲಿ ಇರಬೇಕಾದ ಮೊದಲ ಗುಣ ಯಾವುದೆಂದು ಕೇಳಿದರೆ ನನ್ನಂಥ ಟೀಚರುಗಳು ತಟ್ಟನೆ ಹೇಳುವುದು ವಿಧೇಯತೆ ಎಂದು. ಪ್ರಗತಿಪತ್ರದಲ್ಲಿ 'ಹೇಳಿದ ಮಾತು ಕೇಳುತ್ತಾಳೆ' ಎಂದು ಮೆಚ್ಚಿ ಬರೆದದ್ದಕ್ಕೆ ಲೆಕ್ಕವಿಲ್ಲ. ಈ ಗುಣದ ಬಗ್ಗೆ ನನ್ನಲ್ಲಿ ಮೊದಲ ಬಾರಿಗೆ ಅನುಮಾನ ಹುಟ್ಟಿಸಿದ್ದು ನಮ್ಮ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿಯವರ ಕತೆ.

ಅಶ್ವಿನಿ ಕುಂದಾಪುರ ತಾಲೂಕಿನ ಸಿದ್ದಾಪುರದ ಕಡೆಯ ಕೃಷಿಕರ ಮನೆಯವರು. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದರು. ಮರುತಿಂಗಳು ಚೀನಾದ ಗುವಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇಗೊಂದು, 400 ಮೀಟರ್ ಹರ್ಡಲ್ಸ್‌ಗೊಂದು ಚಿನ್ನ. ಆಗ ಉಡುಪಿ, ಕಾಪು, ಕಾರ್ಕಳ ಎಲ್ಲಿ ಹೋದರೂ ಅವರದೇ ಮಾತು.

2011ರಲ್ಲಿ ಅವರ ಮೂತ್ರದ ಮಾದರಿಯಲ್ಲಿ ನಿಷೇಧಿತ ಸ್ಟೀರಾಯ್ಡ್ ಪತ್ತೆಯಾಯಿತು. ಜೊತೆಯ ಕೆಲವು ಓಟಗಾರ್ತಿಯರದೂ ಅದೇ ಕತೆ. ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಎಂಬ ಬೇರಿನ ಔಷಧಿಯಲ್ಲಿ ಅದು ಬೆರೆತಿತ್ತು, ತಮಗೆ ಗೊತ್ತಿರಲಿಲ್ಲ ಎಂದು ಅವರು ಹೇಳಿದರು. ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ಬಂತು. 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ತಪ್ಪಿಹೋಯಿತು. ನಿಷೇಧ ಮುಗಿದ ಮೇಲೆ ಅಶ್ವಿನಿ ಮತ್ತೆ ಓಡಿದರು. ಆದರೆ ಕಳೆದುಹೋದ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

ಅವರ ಮಾತನ್ನು ನಾನು ನಂಬುತ್ತೇನೆ. ನಂಬಿದರೂ ಪ್ರಶ್ನೆ ಮುಗಿಯುವುದಿಲ್ಲ. ತನ್ನ ದೇಹದೊಳಗೆ ಹೋದದ್ದಕ್ಕೆಲ್ಲ ಆಟಗಾರರೇ ಹೊಣೆ ಎನ್ನುತ್ತದೆ ಕ್ರೀಡೆಯ ಕಾನೂನು. ಗೊತ್ತಿತ್ತೋ ಇಲ್ಲವೋ ಎಂಬುದು ಶಿಕ್ಷೆಯನ್ನು ಹೆಚ್ಚುಕಡಿಮೆ ಮಾಡಬಹುದು, ಅಷ್ಟೆ. ಮೊದಲು ಇದು ನನಗೆ ಬಹಳ ನಿಷ್ಕರುಣೆಯ ಕಾನೂನಾಗಿ ಕಂಡಿತು. ಆಮೇಲೆ, ಪಕ್ಕದ ಲೇನಿನಲ್ಲಿ ಏನನ್ನೂ ತೆಗೆದುಕೊಳ್ಳದೆ ಓಡಿ ಸೋತವಳ ನೆನಪಾಯಿತು. 'ಗೊತ್ತಿರಲಿಲ್ಲ' ಎಂದವರನ್ನೆಲ್ಲ ಬಿಟ್ಟುಬಿಟ್ಟರೆ ನಾಳೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಕಾನೂನು ಸರಿಯೇ ಇದೆ.

ಆದರೆ, ಕೊಟ್ಟದ್ದನ್ನು ಕೇಳದೆ ನುಂಗುವುದನ್ನು ಹುಡುಗಿಯರಿಗೆ ಕಲಿಸಿದವರು ಯಾರು?

ಅದಕ್ಕೂ ಕೆಲವು ವರ್ಷ ಹಿಂದಿನ ಮಾತು. ಉಡುಪಿಯ ಅಜ್ಜರಕಾಡು ಮೈದಾನಕ್ಕೆ ಶಾಲೆಯ ಹುಡುಗಿಯರನ್ನು ಓಟಕ್ಕೆ ಕರೆದುಕೊಂಡು ಹೋಗಿದ್ದೆ. ಒಬ್ಬಳ ಕೈಗೆ ಲೋಟ ಕೊಟ್ಟೆ. "ಇದು ಎಂತ ಟೀಚರ್?" ಎಂದಳು. ಬಿಸಿಲು, ಗಡಿಬಿಡಿ, ನನಗೆ ಸಿಟ್ಟು ಬಂತು. "ಟೀಚರ್ ಕೊಟ್ಟದ್ದು, ಸುಮ್ಮನೆ ಕುಡಿ" ಎಂದು ಗದರಿದೆ. ತಲೆ ತಗ್ಗಿಸಿ ಕುಡಿದಳು. ಅದು ಬರಿಯ ಗ್ಲೂಕೋಸ್ ನೀರು. ಆದರೆ ಅವಳು ಕುಡಿದದ್ದು ಗ್ಲೂಕೋಸ್ ಎಂದು ತಿಳಿದಲ್ಲ, ನನಗೆ ಹೆದರಿ. ಇನ್ನೊಬ್ಬರು ಬೇರೇನನ್ನೋ ಕೊಟ್ಟಿದ್ದರೂ ಹಾಗೆಯೇ ಕುಡಿಯುತ್ತಿದ್ದಳು.

ನ್ಯಾಯಮಂಡಳಿ ಓಟಗಾರ್ತಿಯರನ್ನು ಹೊಣೆ ಮಾಡಿತು; ಅದರ ಕೆಲಸ ಅದು. ಆ ಹೊಣೆ ಹೊರಲು ಬೇಕಾದ ಧೈರ್ಯವನ್ನು ಬೆಳೆಸುವ ಕೆಲಸ ನಮ್ಮದಾಗಿತ್ತು.

ಈಗ ನಾನು ಪೊಟ್ಟಣವನ್ನು ಹುಡುಗಿಯರ ಕೈಗೇ ಕೊಟ್ಟು, ಅದರಲ್ಲಿ ಏನೇನಿದೆ ಓದಿ ಹೇಳಿ ಎನ್ನುತ್ತೇನೆ. ಒಬ್ಬೊಬ್ಬಳೂ ಒಂದೊಂದು ಪ್ರಶ್ನೆ ಕೇಳುತ್ತಾಳೆ. ಮೈದಾನಕ್ಕೆ ಇಳಿಯುವುದು ತಡವಾಗುತ್ತದೆ. ಆಗಲಿ.