ಅನುಕೂಲ ಯಾರದು?

1974ರ ಮಾತು. ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ, ಹೆಣ್ಣುಮಕ್ಕಳು ಅರ್ಜಿ ಹಾಕುವ ಅಗತ್ಯವಿಲ್ಲ ಎಂದಿತ್ತು. ಬೆಂಗಳೂರಿನಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, ಇದೇನು ನ್ಯಾಯ ಎಂದು ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಕಾರ್ಡು ಬರೆದರು. ಸಂದರ್ಶನಕ್ಕೆ ಇದೇ ಪುಣೆಗೆ ಕರೆ ಬಂತು, ಕೆಲಸವೂ ಸಿಕ್ಕಿತು. ಇಲ್ಲಿರುವ ಕನ್ನಡಿಗರೆಲ್ಲ ಈ ಕಥೆಯನ್ನು ಒಮ್ಮೆಯಾದರೂ ಹೇಳಿರುತ್ತೇವೆ. ಮಹಿಳಾ ದಿನದಂದು ನಾನೂ ನನ್ನ ಟೀಮಿಗೆ ಹೇಳಿದ್ದೇನೆ, ಕೇಕ್ ಕತ್ತರಿಸುವ ಮೊದಲು.

ಬಾಗಿಲು ತೆರೆಯಿತು, ಸರಿ. ಒಳಗೆ ಬಂದವರು ಯಾಕೆ ಉಳಿಯುವುದಿಲ್ಲ?

2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 50 ಜನರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಒಳ್ಳೆಯದೇ. ಆದರೆ ಆಫೀಸು ಹಿಂಜವಡಿಯಲ್ಲಿ, ಮನೆ ಸಿಂಹಗಡ ರಸ್ತೆಯಲ್ಲಿದ್ದರೆ ಕೂಸನ್ನು ವಾಕಡ್ ಸೇತುವೆಯ ಟ್ರಾಫಿಕ್ಕಿನಲ್ಲಿ ದಿನಾ ಹೊತ್ತು ತರುವವರು ಯಾರು? ಅಪ್ಪನಿಗಂತೂ ಆ ಕಾನೂನಿನಲ್ಲಿ ಒಂದು ದಿನದ ರಜೆಯೂ ಇಲ್ಲ. ನಮ್ಮಂಥ ಕಡೆ ರಜೆಯ ಸಂಬಳವೆಲ್ಲ ಕಂಪನಿಯದೇ ಖರ್ಚು; ಹಾಗಾಗಿ ಹೊಸಬರನ್ನು ಆರಿಸುವಾಗ ಮನಸ್ಸಿನಲ್ಲೇ ಒಂದು ಲೆಕ್ಕ ನಡೆಯುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ನನ್ನ ಲೆಕ್ಕ ಬೇರೆ ಥರದ್ದು. ರಜೆ ಮುಗಿಸಿ ಬಂದ ಧಾರವಾಡ ಕಡೆಯ ಸಹೋದ್ಯೋಗಿಗೆ 'ಮನೆಯಿಂದಲೇ ಮಾಡಿ, ಆರಾಮಾಗಿರಿ' ಎಂದೆ. ದೊಡ್ಡ ಮಾಡ್ಯೂಲ್ ಬೇರೆಯವರಿಗೆ ಕೊಟ್ಟೆ, ಕ್ಲೈಂಟ್ ಕಾಲ್‌ಗಳಿಂದ ಬಿಡಿಸಿದೆ. ಉಪಕಾರ ಮಾಡಿದೆ ಎಂದೇ ನಂಬಿದ್ದೆ. ವರ್ಷದ ಕೊನೆಗೆ ರೇಟಿಂಗ್ ಸಭೆಯಲ್ಲಿ ಅವರ ಪರವಾಗಿ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

"ಸಂಜಿ ಆರರ ಮ್ಯಾಲೆ ಕಾಲ್ ಬ್ಯಾಡ ಅಂದಿದ್ದೆ ಸರ್. ಕೆಲಸಾನ ಬ್ಯಾಡ ಅಂದಿದ್ದಿಲ್ಲಲ್ರೀ" ಎಂದರು.

ಅವರಿಗೆ ಏನು ಬೇಕೆಂದು ಅವರು ಹೇಳಿಯೇ ಇದ್ದರು. ನಾನು ಕೊಟ್ಟದ್ದು ನನ್ನ ಊಹೆಯನ್ನು. ಕರುಣೆಯಲ್ಲಿ ಹೀಗೊಂದು ಯಜಮಾನಿಕೆ ಇರುತ್ತದೆ, ಕೊಡುವವನಿಗೆ ಅದು ಕಾಣುವುದಿಲ್ಲ. ನಾನು ರಾತ್ರಿ ಒಂಬತ್ತರ ಕಾಲ್‌ಗೆ ಕೂತಾಗ ನಮ್ಮ ಮಗಳಿಗೆ ಊಟ ಮಾಡಿಸಿ ಮಲಗಿಸುತ್ತಿದ್ದವಳು ಹೆಂಡತಿ. ಹದಿನೈದು ವರ್ಷ ನಾನು ಪಡೆದ ಆ ಅನುಕೂಲವನ್ನು ಯಾರೂ ರಿಯಾಯಿತಿ ಎಂದು ಕರೆಯಲಿಲ್ಲ, ಅದಕ್ಕಾಗಿ ನನ್ನ ರೇಟಿಂಗೂ ಇಳಿಯಲಿಲ್ಲ.

ಈಗ ಆರರ ಮೇಲಿನ ಕಾಲ್‌ಗಳನ್ನು ಟೀಮಿನ ಎಲ್ಲರೂ ಸರದಿಯ ಮೇಲೆ ಹಂಚಿಕೊಳ್ಳುತ್ತೇವೆ. ಸರದಿ ಇಲ್ಲದ ದಿನ ಮೊದಲು ಬ್ಯಾಗು ಎತ್ತುವವರು ಇಬ್ಬರು ಗಂಡಸರು. ಆದರೆ ಅವರು ಆಗಲೇ ಹೋಗಿಯಾಗಿತ್ತು. ರಾಜೀನಾಮೆ ಫಾರ್ಮಿನಲ್ಲಿ 'ವೈಯಕ್ತಿಕ ಕಾರಣ' ಎಂದಿತ್ತು. ಕೆಳಗೆ ಸಹಿ ನನ್ನದು.